ವಾಹನದ ಅಡಿಯ ಎಣ್ಣೆಹನಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಶಿಬಿರದಲ್ಲಿ ಕಾರಿನ ಗೇರ್‌ಬಾಕ್ಸಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದೇ. ಗಣಿ, ಅಣೆಕಟ್ಟು, ನೆಡುತೋಪುಗಳ ಪ್ರಶ್ನೆ ಬಂದಾಗ ಎದುರಿಗೆ ಒಂದು ಕಂಪನಿಯೋ ಒಂದು ಇಲಾಖೆಯೋ ನಿಂತಿರುತ್ತದೆ. ಮನವಿ ಬರೆಯಬಹುದು, ಧರಣಿ ಕೂರಬಹುದು. ಸ್ವಂತ ಅಂಗಳದಲ್ಲಿ ನಿಂತ ಸ್ವಂತ ವಾಹನದಿಂದ ಮಣ್ಣಿಗೆ ಬೀಳುವ ಎಣ್ಣೆಯ ಹನಿಯ ಮೇಲೆ ಯಾರೂ ಮನವಿ ಬರೆಯುವುದಿಲ್ಲ. ಬಹುಪಾಲು ಜನ ಅದನ್ನು ನೋಡುವುದೂ ಇಲ್ಲ. ಆದ್ದರಿಂದಲೇ ಅದರ ಬಗೆಗೆ ಇಂದು ಸ್ವಲ್ಪ ವಿಸ್ತಾರವಾಗಿ ಮಾತಾಡಬೇಕಾಗಿದೆ.

ಉದಾಹರಣೆಗೆ ಘಟ್ಟದಿಂದ ದೂರದ ಒಂದು ಊರನ್ನು ತೆಗೆದುಕೊಳ್ಳಬಹುದು. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಕೊಳಕೂರ. ತೊಗರಿ, ಜೋಳ, ಹತ್ತಿ ಬೆಳೆಯುವ ಎರೆಭೂಮಿಯ ಸೀಮೆ ಅದು. ಮಲೆನಾಡಿನವರಿಗೆ ಆ ಸೀಮೆಯ ಪರಿಚಯ ಕಡಿಮೆ. ಆದರೆ ಅಲ್ಲಿಯ ಭೀಮಾ ನದಿ ಹುಟ್ಟುವುದು ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅಲ್ಲಿಂದ 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ತುಂಗೆ, ಭದ್ರೆಯರ ಕಥೆಯೂ ಅದೇ: ಹುಟ್ಟುವುದು ಬೆಟ್ಟದಲ್ಲಿ, ಕುಡಿಯುವವರು ಬಯಲಿನಲ್ಲಿ. ಬೆಟ್ಟದ ತಲೆಯ ಮೇಲೆ ಏನು ಸೋರುತ್ತದೆಂಬುದು ಬಯಲಿನವರಿಗೂ ಸಂಬಂಧಪಟ್ಟ ವಿಷಯ.

ಕೊಳಕೂರಿನಲ್ಲಿ ಒಬ್ಬ ರೈತನಿದ್ದಾನೆ, ಅವನ ಬಳಿ ಹಳೆಯದೊಂದು ಸಣ್ಣ ಕಾರಿದೆ ಎಂದು ಕಲ್ಪಿಸಿಕೊಳ್ಳಿರಿ. ಜೇವರ್ಗಿಯ ಸಂತೆಗೆ, ಸುಮಾರು 40 ಕಿಲೋಮೀಟರ್ ಆಚೆಯ ಕಲಬುರಗಿಯ ಆಸ್ಪತ್ರೆಗೆ, ನೆಂಟರ ಮದುವೆಗೆ, ಎಲ್ಲಕ್ಕೂ ಅದೇ ವಾಹನ. ಒಂದು ಮುಂಜಾನೆ ಕಾರು ತೆಗೆದ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕಲೆ ಕಾಣುತ್ತದೆ. ಮೆಕ್ಯಾನಿಕ ಕೆಳಗೆ ಮಲಗಿ ನೋಡಿ, "ಆಯಿಲ್ ಸೀಲ್ ಹೋಗ್ಯದ ಕಾಕಾ, ಗೇರ್‌ಬಾಕ್ಸ್ ಇಳಸಬೇಕು, ಎರಡು ದಿನ ಗಾಡಿ ಬಿಟ್ಟು ಹೋಗ್ರಿ" ಎನ್ನುತ್ತಾನೆ. ತೊಗರಿಯ ರಾಶಿಯ ಹಂಗಾಮು. "ಈಗ ಎಲ್ಲಿಂದ ಆಗ್ತದಪಾ, ತಿಂಗಳಿಗೊಮ್ಮೆ ಎಣ್ಣಿ ಹಾಕ್ಕೊಂಡು ಹೊಡಿತೀನಿ ತಗೋ" ಎಂದು ಆತ ಹೊರಟುಬಿಡುತ್ತಾನೆ.

ಈ ಮಾತನ್ನು ನಗೆಯಾಡಿ ಬಿಡುವಂತಿಲ್ಲ. ಸೀಲು ಎಂಬುದು ರಬ್ಬರಿನ ಒಂದು ಸಣ್ಣ ಬಳೆ. ಅದರ ಬೆಲೆ ಅಲ್ಪ. ಅದನ್ನು ಬದಲಿಸಲು ಇಡೀ ಯಂತ್ರವನ್ನು ಇಳಿಸುವ ಕೂಲಿ, ವಾಹನವಿಲ್ಲದ ಎರಡು ದಿನ, ಅವೇ ಹೊರೆ. ಒಂದು ಲೀಟರು ಎಣ್ಣೆಯ ಬೆಲೆಯೊಡನೆ ತೂಗಿದರೆ ರೈತನ ಲೆಕ್ಕ ಸರಿಯಾಗಿಯೇ ತೋರುತ್ತದೆ. ಮಲೆನಾಡಿನ ಬಾಡಿಗೆ ಜೀಪಿನವನೂ ಇದೇ ಲೆಕ್ಕ ಹಾಕುತ್ತಾನೆ. ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಬೇಕಾದರೆ ಗೇರ್‌ಬಾಕ್ಸಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಎತ್ತಿನ ಬಂಡಿಯ ಕಾಲದಲ್ಲಿ ಈ ವಿದ್ಯೆ ಹಳ್ಳಿಯ ಮಕ್ಕಳಿಗೂ ಗೊತ್ತಿತ್ತು. ಹೊಲದ ಬದುವಿನಲ್ಲಿ ಬೆಳೆದ ಔಡಲದ ಎಣ್ಣೆ, ಮಲೆನಾಡಿನವರ ಮಾತಿನಲ್ಲಿ ಹರಳೆಣ್ಣೆ, ಬಂಡಿಯ ಅಚ್ಚಿಗೆ ಕೀಲೆಣ್ಣೆಯಾಗುತ್ತಿತ್ತು. ಎಣ್ಣೆ ಒಣಗಿದರೆ ಗಾಲಿ ಕಿರ್ರೆಂದು ಕೂಗುತ್ತಿತ್ತು. ದಾರಿಯ ಜನ "ಬಂಡಿಗೆ ಎಣ್ಣೆ ಕಾಣಿಸಯ್ಯಾ" ಎಂದು ಗದರುತ್ತಿದ್ದರು. ಅಚ್ಚಿನಿಂದ ನೆಲಕ್ಕೆ ಬಿದ್ದದ್ದು ಗಿಡದ ಬೀಜದಿಂದ ಬಂದ ಎಣ್ಣೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬೇಗನೆ ತಿಂದು ಮುಗಿಸುತ್ತಿದ್ದವು. ಗೇರ್‌ಬಾಕ್ಸಿನ ಎಣ್ಣೆ ಈ ಎರಡೂ ವಿಷಯದಲ್ಲಿ ಬೇರೆ. ಅದು ಕಡಿಮೆಯಾದಾಗ ಯಂತ್ರ ಕೂಗುವುದಿಲ್ಲ. ಕೂಗುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ನೆಲಕ್ಕೆ ಬಿದ್ದ ಮೇಲೆ ಅದು ಬೇಗ ಕರಗುವುದೂ ಇಲ್ಲ. ಬಹುಪಾಲು ಪೆಟ್ರೋಲಿಯಂ ಮೂಲದ ಆ ಎಣ್ಣೆಗೆ ಹಲ್ಲುಗಳ ಸವೆತ ತಡೆಯಲೆಂದು ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಗೇರ್ ಎಣ್ಣೆಯ ಆ ಕಟು ವಾಸನೆ ಗಂಧಕದ್ದು.

ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದರೆ ಚಾಲಕನ ಮುಂದೆ ಕೆಂಪು ದೀಪ ಹೊತ್ತುತ್ತದೆ. ಆ ಎಣ್ಣೆಯ ಮಟ್ಟವನ್ನು ಅಳೆಯಲು ಕಡ್ಡಿಯೂ ಇದೆ. ಕೈಯಿಂದ ಗೇರು ಬದಲಿಸುವ ಸಾಮಾನ್ಯ ಕಾರಿನ ಗೇರ್‌ಬಾಕ್ಸಿಗೆ ದೀಪವೂ ಇಲ್ಲ, ಬಹುಪಾಲು ಕಡ್ಡಿಯೂ ಇಲ್ಲ. ವಾಹನದ ಅಡಿಗೆ ಹೋಗಿ, ಪಕ್ಕದಲ್ಲಿರುವ ತುಂಬುವ ಪ್ಲಗ್ ಬಿಚ್ಚಿ, ಎಣ್ಣೆ ರಂಧ್ರದ ಅಂಚಿನವರೆಗೆ ಇದೆಯೇ ಎಂದು ಬೆರಳಿಟ್ಟು ನೋಡಬೇಕು. ಇದನ್ನು ಮಾಡುವವರು ಎಷ್ಟು ಜನ? ಆಯುಧಪೂಜೆಯ ದಿನ ವಾಹನವನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುವವರು ಅದರ ಅಡಿಗೆ ಒಮ್ಮೆಯೂ ಬಗ್ಗಿ ನೋಡುವುದಿಲ್ಲ.

ಇನ್ನು ರೈತನ ತಿಂಗಳ ಲೆಕ್ಕವನ್ನು ವಿದ್ಯಾರ್ಥಿಗಳು ಇಲ್ಲಿಯೇ ಮಾಡಿ ನೋಡಬಹುದು. ಕಾರು ಓಡುವಾಗ ಹತ್ತು ಸೆಕೆಂಡಿಗೆ ಒಂದು ಹನಿ ಬೀಳುತ್ತದೆ, ದಿನಕ್ಕೆ ಎರಡು ತಾಸು ಓಡುತ್ತದೆ ಎಂದಿಟ್ಟುಕೊಳ್ಳಿರಿ. ದಿನಕ್ಕೆ 720 ಹನಿ. ಇಪ್ಪತ್ತರಿಂದ ಇಪ್ಪತ್ತೈದು ಹನಿ ಸೇರಿದರೆ ಒಂದು ಮಿಲಿಲೀಟರು. ಅಂದರೆ ದಿನಕ್ಕೆ 30 ಮಿಲಿಲೀಟರಿನ ಆಸುಪಾಸು, ತಿಂಗಳಿಗೆ ಸುಮಾರು ಒಂದು ಲೀಟರು. ಸಣ್ಣ ಕಾರಿನ ಗೇರ್‌ಬಾಕ್ಸ್ ಹಿಡಿಯುವುದೇ ಸುಮಾರು ಎರಡು ಲೀಟರು. ತಿಂಗಳ ಮೊದಲ ದಿನ ತುಂಬಿದ ಗೇರ್‌ಬಾಕ್ಸ್ ಕೊನೆಯ ವಾರ ಅರ್ಧ ಬರಿದಾಗಿಯೇ ಓಡುತ್ತದೆ. ಎಣ್ಣೆ ಹಾಕುವ ದಿನ ನಾಲ್ಕು ದಿನ ಮುಂದಕ್ಕೆ ಹೋಯಿತೆಂದರೆ ಸ್ಥಿತಿ ಇನ್ನೂ ಕೆಟ್ಟದ್ದು. ಹಂಗಾಮಿನಲ್ಲಿ ಮುಂದಕ್ಕೆ ಹೋಗದ ದಿನ ಯಾವುದು?

ಗೇರ್‌ಬಾಕ್ಸಿನೊಳಗೆ ಎಣ್ಣೆಯನ್ನು ಹರಡುವ ಕೆಲಸವನ್ನು ಸಾಮಾನ್ಯವಾಗಿ ಗೇರುಗಳ ಹಲ್ಲುಗಳೇ ಮಾಡುತ್ತವೆ. ಕೆಳಗಿನ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿ, ತಿರುಗುತ್ತ ಅದನ್ನು ಮೇಲಕ್ಕೆ ಎರಚುತ್ತವೆ. ಮಟ್ಟ ಇಳಿದರೆ ಎರಚುವುದು ಕಡಿಮೆಯಾಗಿ, ಮೇಲಿನ ಬೇರಿಂಗುಗಳು ಒಣಗಿ ಬಿಸಿಯಾಗುತ್ತವೆ. ಉಳಿದ ಎಣ್ಣೆಯೂ ಬಿಸಿಯಾಗುತ್ತದೆ. ಉಷ್ಣತೆ ಪ್ರತಿ ಹತ್ತು ಡಿಗ್ರಿ ಏರಿದಾಗಲೂ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಬಿಸಿಗೆ ರಬ್ಬರಿನ ಸೀಲು ಮತ್ತಷ್ಟು ಗಡುಸಾಗಿ ಬಿರಿಯುತ್ತದೆ, ಸೋರಿಕೆ ಹೆಚ್ಚುತ್ತದೆ. ಹೀಗಾಗಿ ಈ ತಿಂಗಳ ಒಂದು ಲೀಟರು ಮುಂದಿನ ತಿಂಗಳೂ ಒಂದೇ ಲೀಟರು ಆಗಿರಬೇಕಾಗಿಲ್ಲ. ರೈತನ ಲೆಕ್ಕ ತಪ್ಪುವುದು ಇಲ್ಲಿ. ಸೋರಿಕೆ ಇದ್ದಷ್ಟೇ ಇರುತ್ತದೆ ಎಂದು ಆತ ನಂಬಿದ್ದಾನೆ.

ಬಯಲಿನಲ್ಲಿ ಇದು ಹಣದ ಪ್ರಶ್ನೆ, ಘಟ್ಟದಲ್ಲಿ ಪ್ರಾಣದ ಪ್ರಶ್ನೆ. ಜೀಪಿನಂಥ ವಾಹನದಲ್ಲಿ ಗೇರ್‌ಬಾಕ್ಸ್ ಉದ್ದಕ್ಕೆ ಮಲಗಿರುತ್ತದೆ. ಏರು ಹತ್ತುವಾಗ ಒಳಗಿನ ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಇಳಿಯುವಾಗ ಮುಂದಕ್ಕೆ. ಮಟ್ಟ ಸರಿಯಿದ್ದರೆ ತೊಂದರೆಯಿಲ್ಲ. ಅರ್ಧ ಬರಿದಾಗಿದ್ದರೆ ಒಂದು ತುದಿ ಒಣಗಿಯೇ ತಿರುಗುತ್ತದೆ. ಆಗುಂಬೆ ಘಟ್ಟದ 14 ತಿರುವುಗಳನ್ನು ಇಳಿಯುವ ಚಾಲಕ ಬ್ರೇಕನ್ನಷ್ಟೇ ನಂಬುವುದಿಲ್ಲ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವಾಹನವನ್ನು ಹಿಡಿಯುತ್ತಾನೆ. ಬೇರಿಂಗು ಸವೆದು ಗೇರು ತಾನಾಗಿ ಕಳಚಿ ಬಿದ್ದರೆ ಆ ಹಿಡಿತ ಒಮ್ಮೆಲೆ ಇಲ್ಲವಾಗುತ್ತದೆ. ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಹಿಂದೆ ಶಾಲೆಯ ಮಕ್ಕಳು ಕುಳಿತಿರುತ್ತಾರೆ. ತಾನಾಗಿ ಗೇರು ಬದಲಿಸುವ ಹಲವು ಹೊಸ ಮಾದರಿಯ ಕಾರುಗಳಲ್ಲಿ ಎಣ್ಣೆಯ ಪಾತ್ರ ಇನ್ನೂ ದೊಡ್ಡದು: ಅಲ್ಲಿ ಎಂಜಿನ್ನಿನ ಶಕ್ತಿ ಗಾಲಿಗೆ ದಾಟುವುದೇ ಎಣ್ಣೆಯ ಮೂಲಕ. ಅದು ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಸೋರಿದ ಎಣ್ಣೆ ಕಾದ ಹೊಗೆಗೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತುವ ಸಂಭವವೂ ಇದೆ.

ಸೀಲು ಕೆಡಲು ವಯಸ್ಸೊಂದೇ ಕಾರಣವಲ್ಲ. ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಗಾಳಿ ಆಡಲೆಂದು ಒಂದು ಸಣ್ಣ ಉಸಿರುಗಂಡಿ ಇರುತ್ತದೆ. ಮೆಕ್ಯಾನಿಕರು ಬ್ರೀದರ್ ಎನ್ನುತ್ತಾರೆ. ಎರೆಭೂಮಿಯ ಅಂಟು ಕೆಸರಾಗಲಿ, ಮಲೆನಾಡಿನ ಕೆಂಪು ರಾಡಿಯಾಗಲಿ ಅದನ್ನು ಮುಚ್ಚಿದರೆ, ಬಿಸಿಯಾದ ಗಾಳಿ ಹೊರಹೋಗಲಾರದೆ ಎಣ್ಣೆಯನ್ನು ಸೀಲಿನ ಅಂಚಿನಿಂದ ನೂಕುತ್ತದೆ. ಇಂಥ ಸೋರಿಕೆಗೆ ಹೊಸ ಸೀಲು ಹಾಕಿದರೂ ಪ್ರಯೋಜನವಿಲ್ಲ. ಒಂದು ಕಡ್ಡಿ, ಒಂದು ಹಳೆಯ ಬ್ರಷ್ಷು, ಹತ್ತು ನಿಮಿಷ ಸಾಕು. ಗೇರ್‌ಬಾಕ್ಸ್ ಇಳಿಸುವ ಮೊದಲು ಇದನ್ನು ನೋಡಲು ಹೇಳುವುದು ವಾಹನದ ಒಡೆಯನ ಹಕ್ಕು.

ಹಳ್ಳ ದಾಟುವ ವಾಹನಕ್ಕೆ ಇನ್ನೊಂದು ಅಪಾಯವಿದೆ. 2020ರ ಅಕ್ಟೋಬರಿನಲ್ಲಿ ಭೀಮೆಯ ಪ್ರವಾಹ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ನೀರಿನಲ್ಲಿ ನಿಲ್ಲಿಸಿತು. ಮಲೆನಾಡಿನಲ್ಲಿ ಮುಳುಗುಸೇತುವೆಯ ಮೇಲಿನ ನೀರು ಪ್ರತಿ ಮಳೆಗಾಲದ ಮಾತು. ಓಡಿ ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನಿಂದ ಹೀರುತ್ತದೆ. ಎಣ್ಣೆ ಹೊರಬರುವ ಸೀಳಿನಿಂದಲೇ ನೀರು ಒಳಹೋಗುತ್ತದೆ. ಆಮೇಲೆ ಪ್ಲಗ್ ಬಿಚ್ಚಿದರೆ ಬರುವುದು ಹಾಲು ಬೆರೆಸಿದ ಚಹಾದ ಬಣ್ಣದ ದ್ರವ. ಅದನ್ನು ಪೂರ್ತಿ ತೆಗೆದು ಹೊಸ ಎಣ್ಣೆ ತುಂಬದೆ ಓಡಿಸಿದರೆ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಸೋರುವ ವಾಹನ ನೀರಿಗೆ ಎಣ್ಣೆಯನ್ನು ಕೊಟ್ಟು ಎಣ್ಣೆಗೆ ನೀರನ್ನು ತರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಹಾಗೆ ಕೊಟ್ಟ ಎಣ್ಣೆ ಏನಾಗುತ್ತದೆ? ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಎಂಬಲ್ಲಿಯ ಕೊಳದಲ್ಲಿ ಒಂದು ಪ್ರಯೋಗ ಮಾಡಿ, 1774ರಲ್ಲಿ ಅದರ ವರದಿಯನ್ನು ಪ್ರಕಟಿಸಿದ. ಒಂದು ಚಹಾ ಚಮಚೆಯಷ್ಟು ಎಣ್ಣೆ ಸುಮಾರು ಅರ್ಧ ಎಕರೆಯ ನೀರಿನ ಮೇಲೆ ಹರಡಿ ಅಲೆಗಳನ್ನು ಅಡಗಿಸಿತು. ಗೇರ್ ಎಣ್ಣೆ ಅಷ್ಟು ತೆಳ್ಳಗೆ ಹರಡುವುದಿಲ್ಲ. ಆದರೂ ಮಳೆಯ ದಿನ ರಸ್ತೆಯ ಕುಂಟೆಯಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣದ ಪೊರೆ ಮಿಲಿಮೀಟರಿನ ಮೂರು ಸಾವಿರದ ಒಂದು ಭಾಗದಷ್ಟು ತೆಳುವಾಗಿರಬಲ್ಲದು. ಆ ದಪ್ಪದಲ್ಲಿ ಒಂದು ಲೀಟರು ಎಣ್ಣೆ ಮುಕ್ಕಾಲು ಎಕರೆ ನೀರನ್ನು ಮುಚ್ಚುತ್ತದೆ. ಕೊಳಕೂರಿನ ರೈತನ ಕಾರು ವರ್ಷಕ್ಕೆ ಸೋರಿಸುವುದು ಹತ್ತು ಹನ್ನೆರಡು ಲೀಟರು.

ಅಂಥ ಪೊರೆ ಜೀವಿಗಳಿಗೆ ಏನು ಮಾಡುತ್ತದೆಂಬುದಕ್ಕೆ ಇತಿಹಾಸದಲ್ಲಿಯೇ ಸಾಕ್ಷ್ಯವಿದೆ. 1904ರಿಂದ 1914ರವರೆಗೆ ಅಮೆರಿಕದವರು ಪನಾಮಾ ಕಾಲುವೆ ತೋಡುವಾಗ, ಸೊಳ್ಳೆಯ ಮರಿಗಳನ್ನು ಕೊಲ್ಲಲೆಂದು ನಿಂತ ನೀರಿಗೆ ಎಣ್ಣೆ ಸುರಿಸುತ್ತಿದ್ದರು. ನೀರಿನ ಮೇಲ್ಮೈಗೆ ಬಂದು ಉಸಿರಾಡುವ ಮರಿಗಳು ಉಸಿರುಗಟ್ಟಿ ಸಾಯುತ್ತಿದ್ದವು. ಎಣ್ಣೆಯ ಪೊರೆಗೆ ಸೊಳ್ಳೆಮರಿ ಯಾವುದು, ನೀರುಹುಳು ಯಾವುದು, ಕಪ್ಪೆಯ ಗೊದಮೊಟ್ಟೆ ಯಾವುದು ಎಂಬ ಭೇದ ತಿಳಿಯದು. ಘಟ್ಟದ ಕಪ್ಪೆಗಳಲ್ಲಿ ಹಲವು ಜಾತಿಗಳು ಬೇರೆಲ್ಲಿಯೂ ಇಲ್ಲದವು. ಅವುಗಳಲ್ಲಿ ಕೆಲವು ಮೊಟ್ಟೆಯಿಡುವುದು ರಸ್ತೆ ಬದಿಯ ಚರಂಡಿ, ಝರಿ, ಗುಂಡಿಗಳಲ್ಲಿ. ಒಂದೇ ಕಾರಿನ ಒಂದು ಹನಿಯಿಂದ ನದಿ ಸಾಯುವುದಿಲ್ಲ, ಹಾಗೆಂದು ಹೆದರಿಸುವುದು ಸರಿಯಲ್ಲ. ಆದರೆ ವಾಹನಗಳೆಲ್ಲ ನಿಲ್ಲುವ ಜಾಗ ಒಂದೇ: ಬಸ್ ನಿಲ್ದಾಣದ ಪಕ್ಕ, ಸಂತೆಮಾಳ, ಜಲಪಾತದ ಬಳಿಯ ಬಯಲು. ಮೊದಲ ಮಳೆ ಬಂದ ದಿನ ಏಳೆಂಟು ತಿಂಗಳ ಹನಿಗಳು ಒಟ್ಟಿಗೆ ಎದ್ದು ಹೊರಡುತ್ತವೆ. ಅದೇ ದಿನ ಆ ತಿರುವಿನಲ್ಲಿ ಬೈಕುಗಳು ಜಾರಿ ಬೀಳುವುದನ್ನೂ ಎಲ್ಲರೂ ಕಂಡಿದ್ದಾರೆ.

ಮಣ್ಣಿನ ಸ್ವಭಾವವೂ ಇಲ್ಲಿ ಮುಖ್ಯ. ಬೇಸಿಗೆಯಲ್ಲಿ ಎರೆಭೂಮಿ ಆಳವಾಗಿ ಬಿರಿಯುತ್ತದೆ. ಬಿರುಕಿನ ಬಾಯಿಗೆ ಬಿದ್ದ ಎಣ್ಣೆ ಮೇಲ್ಮಣ್ಣಿನಲ್ಲಿ ನಿಲ್ಲದೆ ಕೆಳಗಿಳಿಯುತ್ತದೆ. ಮಲೆನಾಡಿನ ಜಂಬಿಟ್ಟಿಗೆಯ ನೆಲ ರಂಧ್ರಮಯ. ಕಲಬುರಗಿಯಲ್ಲಿ ವರ್ಷದ ಮಳೆ 750 ಮಿಲಿಮೀಟರಿನ ಆಸುಪಾಸು, ಆಗುಂಬೆಯಲ್ಲಿ 7000 ಮಿಲಿಮೀಟರು ದಾಟುತ್ತದೆ. ಅಲ್ಲಿ ಎಣ್ಣೆ ಬಿದ್ದಲ್ಲಿಯೇ ಉಳಿದು ಮಣ್ಣನ್ನು ಕೆಡಿಸುತ್ತದೆ, ಇಲ್ಲಿ ತೊಳೆದುಕೊಂಡು ಹೋಗಿ ಹಳ್ಳವನ್ನು ಸೇರುತ್ತದೆ.

ಕಾನೂನು ಏನನ್ನುತ್ತದೆ? ಕಾರಿನ ಒಡೆಯರು ಜೇಬಿನಲ್ಲಿಟ್ಟುಕೊಳ್ಳುವ ತಪಾಸಣಾ ಪತ್ರ ಹೊಗೆಯನ್ನಷ್ಟೇ ನೋಡುತ್ತದೆ; ಹನಿಯನ್ನು ಅದು ಕೇಳುವುದಿಲ್ಲ. ಆದರೆ 1988ರ ಮೋಟಾರು ವಾಹನ ಕಾಯಿದೆಯ 190ನೆಯ ಪ್ರಕರಣವನ್ನು ಓದಬೇಕು. ಗೊತ್ತಿರುವ ಅಥವಾ ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾದ ದೋಷವಿದ್ದು, ಅದರಿಂದ ಇತರರಿಗೆ ಅಪಾಯವಾಗುವಂತಿದ್ದರೆ, ಆ ವಾಹನವನ್ನು ರಸ್ತೆಗಿಳಿಸುವುದು ಅಪರಾಧ. "ನನಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ಬಳಸಿದ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿವೆ. 2023ರಲ್ಲಿ ಕೇಂದ್ರ ಸರ್ಕಾರ ಅವಕ್ಕೆ ತಿದ್ದುಪಡಿ ತಂದು, ಎಣ್ಣೆ ತಯಾರಿಸುವ ಹಾಗೂ ಆಮದು ಮಾಡುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆ ಹೊರಬೇಕೆಂದು ವಿಧಿಸಿತು; ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಗದದ ಮೇಲಿನ ಈ ಹೊಣೆ ತಾಲ್ಲೂಕಿನ ಗ್ಯಾರೇಜಿನವರೆಗೆ ಇಳಿಯಬೇಕಾದರೆ ಊರಿನವರು ಕೇಳಬೇಕಾಗುತ್ತದೆ. ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಕೇಳುವುದಕ್ಕೆ ಖರ್ಚೇನೂ ಇಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಮರುಸಂಸ್ಕರಣೆಯವರಿಗೆ ಕೊಡುವ ಗ್ಯಾರೇಜಿಗೇ ವಾಹನ ಒಯ್ಯಬೇಕು. ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿಯುವ, ಧೂಳು ಏಳದಿರಲೆಂದು ಅಂಗಳಕ್ಕೆ ಚಿಮುಕಿಸುವ ರೂಢಿಯನ್ನು ಬಿಡುವುದು ಒಳಿತು. ಅದೂ ಸೋರಿಕೆಯೇ, ಕೈಯಾರೆ ಮಾಡಿದ್ದು.

ಸೋರಿಕೆ ನಿಲ್ಲಿಸುತ್ತದೆಂದು ಅಂಗಡಿಯಲ್ಲಿ ಮಾರುವ ದ್ರವಗಳಿವೆ. ಗಡುಸಾದ ರಬ್ಬರನ್ನು ಸ್ವಲ್ಪ ಉಬ್ಬಿಸುವುದಷ್ಟೇ ಅವುಗಳ ಕೆಲಸ. ಹರಿದ ಸೀಲಿಗೆ ಅವು ಮದ್ದಲ್ಲ. ರಾಶಿ ಮುಗಿಯುವವರೆಗಿನ ಹದಿನೈದು ದಿನ ದೂಡಲು ಆದೀತು. ಆ ಹದಿನೈದು ದಿನವೂ ವಾರಕ್ಕೊಮ್ಮೆ ಮಟ್ಟ ನೋಡಲೇಬೇಕು. ಹಾಕುವ ಎಣ್ಣೆ ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಿರಬೇಕು. ಡಬ್ಬಿಯಲ್ಲಿ ಉಳಿದಿದೆಯೆಂದು ಟ್ರ್ಯಾಕ್ಟರಿನ ಎಣ್ಣೆಯನ್ನು ಕಾರಿಗೆ ಸುರಿದರೆ, ಗೇರು ಸೇರಿಸುವ ಹಿತ್ತಾಳೆಯ ಬಳೆಗಳು ಕೆಡಬಹುದು. ಟ್ರ್ಯಾಕ್ಟರಿನ ಮಾತು ಬಂದಿತೆಂದು ಹೇಳುವುದಾದರೆ, ಅದರ ಗೇರ್‌ಬಾಕ್ಸು ಮತ್ತು ನೇಗಿಲನ್ನು ಎತ್ತುವ ಯಂತ್ರಕ್ಕೆ ಸಾಮಾನ್ಯವಾಗಿ ಒಂದೇ ಎಣ್ಣೆ, ಹತ್ತಾರು ಲೀಟರು. ಅದರ ಸೋರಿಕೆ ಬೀಳುವುದು ನೇರವಾಗಿ ಉಳುವ ಸಾಲಿಗೆ.

ವಿದ್ಯಾರ್ಥಿಗಳು ಮನೆಗೆ ಹೋಗಿ ಮಾಡಬಹುದಾದ ಕೆಲಸವೊಂದಿದೆ. ರಾತ್ರಿ ವಾಹನ ನಿಂತ ಮೇಲೆ ಅದರ ಅಡಿಗೆ ಹಳೆಯ ರಟ್ಟಿನ ಹಾಳೆಯೊಂದನ್ನು ಹಾಸಬೇಕು. ಮುಂದಿನ ಗಾಲಿ, ಹಿಂದಿನ ಗಾಲಿ ಎಲ್ಲಿವೆಯೆಂದು ಅದರ ಮೇಲೆ ಗುರುತು ಮಾಡಬೇಕು. ಬೆಳಿಗ್ಗೆ ಕಲೆಗಳನ್ನು ಓದಬಹುದು. ಕಪ್ಪಾಗಿದ್ದರೆ ಬಹುಪಾಲು ಎಂಜಿನ್ ಎಣ್ಣೆ. ಜೇನುತುಪ್ಪದ ಬಣ್ಣ, ದಪ್ಪ, ಗಂಧಕದ ಕಟು ವಾಸನೆಯಿದ್ದರೆ ಗೇರ್ ಎಣ್ಣೆ. ಕೆಂಪಾಗಿದ್ದರೆ ತಾನಾಗಿ ಗೇರು ಬದಲಿಸುವ ವಾಹನದ ಎಣ್ಣೆ ಇಲ್ಲವೇ ಸ್ಟಿಯರಿಂಗಿನದು. ಗಾಲಿಯ ಬಳಿ ನೀರಿನಂತೆ ತೆಳುವಾಗಿ ಬಿದ್ದಿದ್ದರೆ ಅದು ಬ್ರೇಕಿನ ಎಣ್ಣೆಯಿರಬಹುದು. ಆ ವಾಹನವನ್ನು ಅಂದು ತೆಗೆಯಲೇಬಾರದು. ರಟ್ಟಿನ ಮೇಲೆ ದಿನಾಂಕ ಬರೆದಿಟ್ಟು, ತಿಂಗಳ ನಂತರ ಇನ್ನೊಂದನ್ನು ಹಾಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸೋರಿಕೆ ನಿಂತಲ್ಲಿ ನಿಂತಿದೆಯೋ ಬೆಳೆದಿದೆಯೋ ತಿಳಿಯುತ್ತದೆ. ಮೆಕ್ಯಾನಿಕನ ಬಳಿಗೆ ಹೋಗುವಾಗ ಎರಡನ್ನೂ ಒಯ್ಯಿರಿ. ಕಲೆ ಬಿದ್ದ ಜಾಗ ನೋಡಿ ಉಸಿರುಗಂಡಿ ತೆಗೆದರೆ ಸಾಕೋ, ಡ್ರೈವ್ ಶಾಫ್ಟಿನ ಸೀಲು ಬದಲಿಸಬೇಕೋ, ಇಡೀ ಗೇರ್‌ಬಾಕ್ಸನ್ನೇ ಇಳಿಸಬೇಕೋ ಎಂಬುದನ್ನು ಆತ ಬೇಗನೆ ಅಂದಾಜು ಮಾಡಬಲ್ಲ.